ಜಲಪಾಲನ ನಾಲ್ಕು ಕೈ

ಅರಸೀಕೆರೆ,
೨೮ ಜನವರಿ ೨೦೨೫

ಅಪ್ಪನಿಗೆ ಮೇಧಿನಿಯ ನಮಸ್ಕಾರ.

ನಿಮ್ಮ ಹೊಸ ಕಿವಿಯ ಯಂತ್ರ ಹೇಗಿದೆ? ಮೊನ್ನೆ ಅಣ್ಣ ವೇದಾಂತನ ಫೋನಿನಲ್ಲಿ ಚೆಲುವತ್ತೆ ಸಿಕ್ಕಿದ್ದರು. "ನಿಮ್ಮಪ್ಪ ಅದನ್ನ ಡಬ್ಬಿಯಲ್ಲಿಟ್ಟು ದಿನಾ ಒರೆಸ್ತಾನೆ ಕಣೇ, ಕಿವಿಗೆ ಮಾತ್ರ ಹಾಕ್ಕೊಳ್ಳಲ್ಲ" ಎಂದರು. ನೀವು ಹಾಕಿಕೊಳ್ಳುವ ತನಕ ನನಗೆ ಕಾಗದ ಬರೆಯುವ ಕೆಲಸ ತಪ್ಪುವುದಿಲ್ಲ. ಮೊಬೈಲಿಗೆ ಕಳಿಸಿದರೆ ಇರುವೆ ಸಾಲು ಎಂದು ಓದದೆ ಬಿಡುತ್ತೀರಿ.

ಸಿನಿಮಾ ಕೆಲಸ ಮುಗಿಯಿತು. ಫೆಬ್ರವರಿ ಏಳಕ್ಕೆ ಬಿಡುಗಡೆ, ಬೇಲೂರಿಗೂ ಬರುತ್ತದಂತೆ. ಗಂಡಸಿಯ ಮಂಜುನಾಥ ನಿಮಗೆ ಗೊತ್ತಲ್ಲ, ಕಾಲೇಜಿನಲ್ಲಿ ನನ್ನ ಜೊತೆ ಓದಿದವನು. ಅವನದೇ ಕಥೆ, ಅವನದೇ ನಿರ್ದೇಶನ. ಇನ್ನೂರು ವರ್ಷ ಮುಂದೆ ನಡೆಯುವ ಕಥೆ. ನೀರೆಲ್ಲ ಬತ್ತಿಹೋದ ಒಂದು ಪಟ್ಟಣ, ಅದರ ನಡುವೆ ಜನರಿಗೆ ನೀರು ಹಂಚುವ ಒಂದು ದೊಡ್ಡ ಯಂತ್ರ. ಯಂತ್ರದ ಹೆಸರು ಜಲಪಾಲ. ಅದನ್ನು ಮಾಡಿದವಳು ನಾನು. ಷಡಕ್ಷರಪ್ಪನವರ ಕೊಬ್ಬರಿ ಗೋಡೌನಿನಲ್ಲಿ, ಶಾಲೆಯ ಡ್ರಾಯಿಂಗ್ ಕ್ಲಾಸು ಮುಗಿಸಿ ದಿನಾ ಸಂಜೆ ಹೋಗಿ ಕೂತು ಮಾಡಿದೆ. ನನ್ನ ಬಟ್ಟೆಗಳೆಲ್ಲ ಕೊಬ್ಬರಿ ವಾಸನೆ ಹೊಡೆಯುತ್ತವೆ, ನಮ್ಮ ಮನೆಯೊಡತಿ ಜಾನಕಮ್ಮ ಮೂಗು ಮುಚ್ಚಿಕೊಂಡೇ ಬಾಡಿಗೆ ಕೇಳುತ್ತಾರೆ.

ಪೂರ್ತಿ ಕಥೆ ಈಗ ಹೇಳುವುದಿಲ್ಲ. ನೋಡುವುದಾದರೆ ನೋಡಿ, ಇಲ್ಲದಿದ್ದರೆ ಬೇಸರವಿಲ್ಲ. ಶಬ್ದ ವಿಪರೀತ, ಜನ ಕೂಗಾಡುತ್ತಾರೆ. ವೇದಾಂತನಿಗೂ ಬ್ಯಾಂಕಿನಿಂದ ಬರುವಷ್ಟರಲ್ಲಿ ಸುಸ್ತಾಗಿರುತ್ತದೆ. ಹೋಗಲೇಬೇಕು ಎಂದೇನಿಲ್ಲ ಅಪ್ಪ.

ಚೆಲುವತ್ತೆಗೆ ನನ್ನ ನೆನಪು ಹೇಳಿ.

ನಿಮ್ಮ
ಮೇಧಿನಿ

*

ಬೇಲೂರು,
೧೧ ಫೆಬ್ರವರಿ ೨೦೨೫

ಚಿರಂಜೀವಿ ಮೇಧಿನಿಗೆ ಆಶೀರ್ವಾದ.

ಹೋಗಲೇಬೇಕೆಂದೇನಿಲ್ಲ ಎಂದು ಬರೆದಿದ್ದೆಯಲ್ಲ, ಅದನ್ನು ಓದಿದ ಮೇಲೆ ಹೋಗದೆ ಇರುವವನಲ್ಲ ನಾನು. ವೇದಾಂತನಿಗೆ ಅರ್ಧಕ್ಕೇ ನಿದ್ದೆ ಬಂತು. ನಾನು ಕಣ್ಣು ಮಿಟುಕಿಸಲಿಲ್ಲ.

ಯಂತ್ರ ಕಿವಿಗೆ ಹಾಕಿಕೊಂಡೇ ಹೋಗಿದ್ದೆ. ಒಳಗೆ ಕೂತ ಕೂಡಲೇ ಕುಕ್ಕರಿನ ಹಾಗೆ ಸೀಟಿ ಹೊಡೆಯತೊಡಗಿತು, ತೆಗೆದು ಜೇಬಿಗಿಟ್ಟೆ. ಮಾತು ಒಂದೂ ಕೇಳಿಸಲಿಲ್ಲ, ಎದೆಯಲ್ಲಿ ಗುಡುಗಿದ ಹಾಗೆ ಮಾತ್ರ ಆಗುತ್ತಿತ್ತು. ಆದರೆ ನಿನ್ನ ಜಲಪಾಲ ಪರದೆಯ ಮೇಲೆ ಬಂದು ನಿಂತನಲ್ಲ, ಆಮೇಲೆ ನನಗೆ ಮಾತು ಬೇಕಾಗಲಿಲ್ಲ. ಕೆಳಗಿನ ಬಲಗೈಯಲ್ಲಿ ಮೊಗ್ಗಿನಂಥದ್ದು, ಮೇಲಿನ ಬಲಗೈಯಲ್ಲಿ ನೀರು ಬರುವ ಸುರುಳಿ ಪಾತ್ರೆ, ಮೇಲಿನ ಎಡಗೈಯಲ್ಲಿ ತಿರುಗುವ ಗಾಲಿ, ಕೆಳಗಿನ ಎಡಗೈಯಲ್ಲಿ ದಪ್ಪ ತಲೆಯ ಸುತ್ತಿಗೆ. ಪದ್ಮ, ಶಂಖ, ಚಕ್ರ, ಗದೆ. ಅದೇ ಸುತ್ತು, ಅದೇ ಕ್ರಮ. ಬೇರೆ ಊರಿನವರು ಮಾಡಿದ್ದರೆ ಚಕ್ರವನ್ನು ಬಲಕ್ಕೆ ಇಡುತ್ತಿದ್ದರು. ಎಡಕ್ಕೆ ಇಡಬೇಕಾದರೆ ನಮ್ಮ ಚೆನ್ನಕೇಶವನನ್ನು ನೋಡುತ್ತ ಬೆಳೆದವರೇ ಆಗಬೇಕು.

ನೆನಪಿದೆಯೇ, ನಿನಗೆ ಇದನ್ನು ಅಡುಗೆಮನೆಯಲ್ಲಿ ಕಲಿಸಿದ್ದು? ಸೌಟು ಗದೆ, ತಟ್ಟೆ ಚಕ್ರ, ಚೊಂಬು ಶಂಖ, ದಾಸವಾಳ ಪದ್ಮ. ನಿನಗಿದ್ದದ್ದು ಎರಡೇ ಕೈ, ಉಳಿದೆರಡು ಕೈ ಕೊಡಲು ವೇದಾಂತ ನಿನ್ನ ಬೆನ್ನ ಹಿಂದೆ ನಿಲ್ಲುತ್ತಿದ್ದ. ನಾಲ್ಕನ್ನೂ ಅದಲು ಬದಲು ಮಾಡಿದರೆ ಇಪ್ಪತ್ತನಾಲ್ಕು ರೂಪ, ಇಪ್ಪತ್ತನಾಲ್ಕು ಹೆಸರು. ಕೇಶವ ಬಂದಾಗ ಮಾತ್ರ ಕುಣಿಯುತ್ತಿದ್ದೆ.

ಸಿನಿಮಾದಲ್ಲಿ ಜಲಪಾಲ ಊರ ನಡುವೆ ಅಲ್ಲಾಡದೆ ನಿಂತು ಶಂಖದಿಂದ ನೀರು ಕೊಡುತ್ತಾನೆ, ಜನ ತಲೆ ಬಗ್ಗಿಸಿ ಸಾಲಾಗಿ ಬರುತ್ತಾರೆ. ಆ ದೃಶ್ಯಕ್ಕೆ ನಾನು ಅತ್ತೆ. ಒಂದೇ ಒಂದು ಅರ್ಥವಾಗಲಿಲ್ಲ. ಕೊನೆಯಲ್ಲಿ ಒಬ್ಬ ಕೆದರುಗೂದಲಿನ ಹುಡುಗ ಸಾಯಂಕಾಲದ ಹೊತ್ತಿಗೆ ಕಂಬ ಒಡೆದುಕೊಂಡು ಬರುತ್ತಾನೆ, ಹೊಸ್ತಿಲ ಮೇಲೆ ಜಲಪಾಲನ ಎದೆ ಸೀಳುತ್ತಾನೆ. ಕಂಬದಿಂದ ಬರುವವನು ನರಸಿಂಹ. ಅವನೇ ಅವನನ್ನು ಸೀಳುವುದೆಂದರೇನು? ಏನೋ ದೊಡ್ಡ ತತ್ತ್ವವಿರಬೇಕು, ಬರೆ.

ಬೆಳಗ್ಗೆ ಸ್ವಾಮಿಯ ಮುಂದೆ ದಿವ್ಯಪ್ರಬಂಧ ಹಾಡುವ ಗೋಷ್ಠಿಯಲ್ಲಿ ಎಲ್ಲರಿಗೂ ಹೇಳಿದೆ, ನಮ್ಮ ಹುಡುಗಿ ಕೇಶವನನ್ನೇ ಸಿನಿಮಾಕ್ಕೆ ಕರೆತಂದಿದ್ದಾಳೆ ಎಂದು. ಹಳೇಬೀಡಿನ ದೇವೀರಪ್ಪನೂ ಸಿಕ್ಕಿದ್ದ. ನನ್ನ ಹಳೆಯ ವಿದ್ಯಾರ್ಥಿ, ಈಗ ಸಂಸ್ಕೃತಿ ಉಳಿಸುವುದಕ್ಕೆ ಒಂದು ಸಂಘ ಕಟ್ಟಿಕೊಂಡಿದ್ದಾನೆ. ಅವನಿಗೂ ಹೇಳಿದೆ. ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋಗುತ್ತಾನಂತೆ.

ಹೀಗೇ ಇರು. ನನಗೆ ಬಹಳ ಸಂತೋಷವಾಗಿದೆ.

ನಿನ್ನ ಅಪ್ಪ
ಭಾಷ್ಯಂ

*

ಅರಸೀಕೆರೆ,
೧೫ ಫೆಬ್ರವರಿ ೨೦೨೫

ಅಪ್ಪ,

ನಿಮ್ಮ ಕಾಗದವನ್ನು ಶಾಲೆಯ ಸ್ಟಾಫ್ ರೂಮಿನಲ್ಲಿ ಒಡೆದೆ. ಓದಿ ಮುಗಿಸಿ ಹೊರಗೆ ಹೋಗಿ ನಿಂತುಬಿಟ್ಟೆ.

ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ಜಲಪಾಲ ಆ ಸಿನಿಮಾದ ಖಳನಾಯಕ. ತಲೆ ಬಗ್ಗಿಸಿ ಬರುವವರು ಭಕ್ತರಲ್ಲ, ಅವನಿಗೆ ಹೆದರಿದವರು. ಒಂದು ಕೊಡ ನೀರಿಗೆ ಬದಲಾಗಿ ಅವರಿಂದ ಅವನು ಒಂದನ್ನು ಕಿತ್ತುಕೊಳ್ಳುತ್ತಾನೆ. ಕಂಬದಿಂದ ಬರುವ ಹುಡುಗನ ಹೆಸರು ಸಿಂಗ, ಅವನೇ ನಾಯಕ. ಅವನು ನರಸಿಂಹ ಎಂದು ನೀವು ಹಿಡಿದದ್ದು ಸರಿ, ಮಂಜುನಾಥ ಬೇಕೆಂದೇ ಹಾಗೆ ಬರೆದದ್ದು. ಹಾಗಾದರೆ ಜಲಪಾಲ ಹಿರಣ್ಯಕಶಿಪು ಆಗಬೇಕಿತ್ತು.

ಮಂಜುನಾಥ ನನ್ನನ್ನು ಕೇಳಿದ್ದು ನಾಲ್ಕು ಕೈಯ ಒಂದು ಯಂತ್ರ, ನಾಲ್ಕು ಸಲಕರಣೆ. ನೀರಿನ ಪಾತ್ರೆ, ಕತ್ತರಿಸುವ ಗಾಲಿ, ಸುತ್ತಿಗೆ, ಮಾತು ಹಿಡಿಯುವ ಮೊಗ್ಗು. ಯಾವುದು ಯಾವ ಕೈಗೆ ಎಂದು ಅವನು ಹೇಳಲಿಲ್ಲ. ನನ್ನ ಕೈ ಹೋದ ಹಾಗೆ ಜೋಡಿಸಿದೆ. ಸೆಟ್ಟಿನಲ್ಲಿ ಯಾರಿಗೂ ಅದು ಕಾಣಲಿಲ್ಲ. ನೋಡಿದವರು ಯಾರೂ ಇದುವರೆಗೆ ಹೇಳಿಲ್ಲ, ನೀವೊಬ್ಬರೇ.

ದಯವಿಟ್ಟು ಇನ್ನು ಯಾರ ಹತ್ತಿರವೂ ಈ ಮಾತು ಎತ್ತಬೇಡಿ. ದೇವೀರಪ್ಪನವರು ಇನ್ನೂ ನೋಡಿಲ್ಲದಿದ್ದರೆ, ಸಿನಿಮಾ ಚೆನ್ನಾಗಿಲ್ಲ ಎಂದುಬಿಡಿ. ನಿಮಗೆ ಸಂತೋಷವಾಯಿತು ಎಂದು ಬರೆದಿದ್ದೀರಿ, ಆ ಸಾಲಿನ ಮೇಲೆ ಕೈ ಇಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ಮೇಧಿನಿ

*

ಬೇಲೂರು,
೬ ಮಾರ್ಚ್ ೨೦೨೫

ಮೇಧಿನಿ,

ತಡವಾಯಿತು. ಎರಡು ಸಲ ಬರೆಯಲು ಕೂತು ಎದ್ದೆ.

ನಿನ್ನ ಕಾಗದ ಕೈಗೆ ಬರುವ ಮೊದಲೇ ದೇವೀರಪ್ಪ ಸಿನಿಮಾ ನೋಡಿಯಾಗಿತ್ತು. ಮಾತು ಕೇಳಿಸುವ ಕಿವಿಯಿಂದ ನೋಡಿದ್ದಾನೆ. ಬಂದವನು ಜಗಲಿಯ ಮೇಲೆ ಕೂತು, ನನ್ನ ಎಡಗಿವಿಯ ಹತ್ತಿರ ಬಾಯಿಟ್ಟು ಕೂಗಿದ: "ನೀವು ಹೇಳಿದ್ರಿ ಅಂತ ಮನೆ ಮಂದಿನೆಲ್ಲ ಕರ್ಕೊಂಡು ಹೋದೆ ಮೇಷ್ಟ್ರೇ. ಸ್ವಾಮಿ ಎದೆ ಸೀಳ್ತಾ ಅವ್ರೆ, ಜನ ಶಿಳ್ಳೆ ಹೊಡೀತಾ ಅವ್ರೆ. ನನ್ನ ಮಗಳೂ ಚಪ್ಪಾಳೆ ತಟ್ಟಿದ್ಲು. ನೀವು ಹೇಳದೇ ಇದ್ದಿದ್ರೆ ನಾನೂ ತಟ್ಟಿರೋನೇ." ಅವನ ಕಣ್ಣಲ್ಲಿ ನೀರಿತ್ತು. ಜಗಳ ಕಾಯಲು ಬಂದವನ ಹಾಗಿದ್ದರೆ ನನಗೆ ಸುಲಭವಿತ್ತು.

ಈಗ ಅವನ ಸಂಘದವರು ಪೊಲೀಸಿಗೆ ದೂರು ಕೊಡಬೇಕೆನ್ನುತ್ತಾರೆ. ಅದಕ್ಕೆ ಮೊದಲು ಹದಿನಾರನೆಯ ತಾರೀಖು ಭಾನುವಾರ ಹಳೇಬೀಡಿನಲ್ಲಿ ಒಂದು ಸಭೆ. ಅಲ್ಲಿ ನಾನು ಬಂದು, ಅದು ಕೇಶವನೇ ಎಂದು ಎಲ್ಲರೆದುರು ಹೇಳಬೇಕು. ನಾನಲ್ಲದೆ ಬೇರೆ ಸಾಕ್ಷಿಯಿಲ್ಲ. ಬಾಯಿ ಬಿಟ್ಟವನು ನಾನು. ಹೌದು ಎಂದರೆ ನಿನ್ನ ಮೇಲೆ, ಮಂಜುನಾಥನ ಮೇಲೆ ಕೇಸು. ಅಲ್ಲ ಎಂದರೆ ದಿನಾ ಬೆಳಗ್ಗೆ ನಾನು ಯಾರ ಮುಂದೆ ನಿಂತು ಹಾಡುತ್ತೇನೋ ಅವನನ್ನೇ ಗುರುತಿಲ್ಲ ಎಂದ ಹಾಗೆ.

ವೇದಾಂತ ಫೋನಿನಲ್ಲಿ ನಿನ್ನ ನಂಬರು ಬರದ ಹಾಗೆ ಮಾಡಿದ್ದಾನೆ. "ಅವಳ ಹೆಸರು ಈ ಮನೆಯಲ್ಲಿ ಎತ್ತಬೇಡಿ" ಎಂದು ಬರೆದು ತೋರಿಸಿದ. ಚೆಲುವಕ್ಕ ಅವನಿಗೆ ಬೈದಳು, ಅವನು ಊಟ ಬಿಟ್ಟು ಎದ್ದುಹೋದ.

ನಿನ್ನ ಕಾಗದದಲ್ಲಿ ಎರಡು ಕಡೆ ನೀನು ಜಾರಿಕೊಂಡಿದ್ದೀಯ. ನಲವತ್ತು ವರ್ಷ ಮಕ್ಕಳ ಉತ್ತರ ಪತ್ರಿಕೆ ತಿದ್ದಿದವನು ನಾನು. ಜಲಪಾಲ ಜನರಿಂದ ಕಿತ್ತುಕೊಳ್ಳುವುದು ಏನನ್ನು? ಎರಡನೆಯದು, ಕೈ ಹೋದ ಹಾಗೆ ಜೋಡಿಸಿದೆ ಎಂದೆ. ಕೈ ಹೋದ ಮೇಲೆ ಕಣ್ಣು ನೋಡಲಿಲ್ಲವೇ? ತಿಳಿದು ಮಾಡಿದೆಯೋ, ತಿಳಿಯದೆ ಮಾಡಿದೆಯೋ, ಅಷ್ಟು ಹೇಳು. ಭಾನುವಾರಕ್ಕೆ ಮೊದಲು ನನಗೆ ಅದು ಗೊತ್ತಾಗಬೇಕು.

ಭಾಷ್ಯಂ

*

ಅರಸೀಕೆರೆ,
೧೦ ಮಾರ್ಚ್ ೨೦೨೫

ಅಪ್ಪ,

ಜೋಡಿಸುವಾಗ ತಿಳಿದಿರಲಿಲ್ಲ. ಇದು ಸುಳ್ಳಲ್ಲ. ನಾಲ್ಕು ಕೈ ಕೂಡಿಸಿ, ಏಣಿ ಇಳಿದು, ಬಾಗಿಲ ತನಕ ಹಿಂದೆ ಬಂದು ನೋಡಿದೆ. ಆಗ ತಿಳಿಯಿತು. ಷಡಕ್ಷರಪ್ಪನವರೂ ಅಲ್ಲೇ ಇದ್ದರು. "ಏನಮ್ಮ, ಹಂಗೇ ನಿಂತ್ಕೊಂಡ್ ಬಿಟ್ಟೆ" ಎಂದರು. ಏನಿಲ್ಲ ಎಂದೆ. ಎರಡು ನಟ್ಟು ಸಡಿಲಿಸಿ ಗಾಲಿ, ಪಾತ್ರೆ ಅದಲು ಬದಲು ಮಾಡಿದ್ದರೆ ಕೇಶವ ಹೋಗಿ ಜನಾರ್ದನ ಆಗುತ್ತಿದ್ದ, ನನಗೆ ಗೊತ್ತು. ಹೇಗಿಟ್ಟರೂ ಅವನೇ ಬರುತ್ತಾನೆ, ಅದೂ ಗೊತ್ತು. ಆದರೆ ನಾಲ್ಕರಲ್ಲಿ ಒಂದನ್ನು ತೆಗೆದು ಬೇರೆ ಏನಾದರೂ ಕೊಡಬಹುದಿತ್ತು. ಕೊಡಲಿಲ್ಲ. ನೋಡಿದ ಮೇಲೂ ಬಿಟ್ಟೆ.

ಕಿತ್ತುಕೊಳ್ಳುವುದು ಏನನ್ನು ಎಂದು ಕೇಳಿದ್ದೀರಿ. ಕಿವಿಯನ್ನು. ನೀರು ಕುಡಿದವರಿಗೆ ಆಮೇಲೆ ಬೇರೆ ಯಾವ ಶಬ್ದವೂ ಕೇಳಿಸುವುದಿಲ್ಲ, ಹೆಂಡತಿ ಮಕ್ಕಳ ಮಾತು ಕೇಳಿಸುವುದಿಲ್ಲ, ಅವನ ದನಿ ಒಂದೇ ಕೇಳಿಸುತ್ತದೆ. ಮಂಜುನಾಥನ ಕಥೆಯಲ್ಲಿ ಮೊದಲು ಅದು ಕಣ್ಣು ಎಂದಿತ್ತು. ಕಿವಿ ಮಾಡು ಎಂದವಳು ನಾನು.

ನನಗೆ ಆ ಕೇಶವನ ಮೇಲೆ ಸಿಟ್ಟಿದೆ ಅಪ್ಪ. ಹುಟ್ಟಿದಾಗಿನಿಂದ ನೋಡಿದ್ದೇನೆ, ಚಳಿ ಮಳೆ ಎನ್ನದೆ ಎದ್ದು ಸ್ನಾನ ಮಾಡಿ ಅವನಿಗೆ ಹಾಡಲು ಹೋಗುತ್ತಿದ್ದಿರಿ. ಅಮ್ಮ ತೀರಿಕೊಂಡ ವಾರವೊಂದು ಬಿಟ್ಟರೆ ತಪ್ಪಿಸಿದವರಲ್ಲ. ಅಂಥವರ ಕಿವಿಯನ್ನೇ ಅವನು ತೆಗೆದುಕೊಂಡ. ಈಗ ನೀವು ಗೋಷ್ಠಿಯಲ್ಲಿ ಬೇರೆಯವರ ತುಟಿ ನೋಡಿಕೊಂಡು ಹಾಡುತ್ತೀರಿ, ಒಂದು ಪದ ಹಿಂದೆ ಬೀಳುತ್ತೀರಿ, ಗೊತ್ತಾದಾಗ ನಗುತ್ತೀರಿ. ಆ ನಗು ನನ್ನಿಂದ ನೋಡಲಿಕ್ಕಾಗುವುದಿಲ್ಲ. ಅರಸೀಕೆರೆಯಿಂದ ನಾನು ಊರಿಗೆ ಬರುವುದು ಕಡಿಮೆಯಾದದ್ದು ಶಾಲೆಯ ಕೆಲಸದಿಂದಲ್ಲ.

ಭಾನುವಾರ ನೀವು ಹೌದು ಎನ್ನಿ. ನನಗಾಗಿ ಬೇರೆ ಹೇಳಬೇಡಿ.

ಮೇಧಿನಿ

*

ಬೇಲೂರು,
೧೬ ಮಾರ್ಚ್ ೨೦೨೫, ಸಂಜೆ

ಚಿರಂಜೀವಿ ಮೇಧಿನಿಗೆ,

ಸಭೆ ಮುಗಿಯಿತು. ನೀನು ಹೆದರಬೇಕಾದ್ದಿಲ್ಲ. ಅದನ್ನು ಮೊದಲು ಬರೆದುಬಿಡುತ್ತೇನೆ, ಉಳಿದದ್ದು ಆಮೇಲೆ.

ನಿನ್ನ ಕಾಗದ ಓದಿ ನನಗೆ ಸಿಟ್ಟು ಬಂತು. ನನ್ನ ಕಿವಿಯ ವಿಷಯಕ್ಕೆ ಅವನ ಮೇಲೆ ಜಗಳಕ್ಕೆ ಹೋಗು ಎಂದು ನಿನಗೆ ವಕಾಲತ್ತು ಕೊಟ್ಟವರು ಯಾರು? ನನಗೂ ಅವನಿಗೂ ಇರುವುದು ನಮ್ಮಿಬ್ಬರದು. ಹೀಗೆಲ್ಲ ಮನಸ್ಸಿನಲ್ಲೇ ಬೈದುಕೊಂಡು ಹಿತ್ತಿಲಲ್ಲಿ ಕೂತಿದ್ದೆ. ಆಮೇಲೆ ಅಳು ಬಂತು. ಕಿವಿ ಹೋದಾಗ ಎಲ್ಲರೂ ವಯಸ್ಸಾಯಿತು ಎಂದರು, ಡಾಕ್ಟರೂ ಹಾಗೇ ಎಂದರು. ನನ್ನ ಪರವಾಗಿ ಸಿಟ್ಟು ಮಾಡಿಕೊಂಡವರು ಒಬ್ಬರೂ ಇರಲಿಲ್ಲ. ನೀನು ಮಾಡಿಕೊಂಡಿದ್ದೀಯ, ಅದೂ ಹದಿನೈದು ಅಡಿ ಎತ್ತರಕ್ಕೆ.

ಸಮುದಾಯ ಭವನದ ತುಂಬ ಜನ. ದೇವೀರಪ್ಪ ಪೋಸ್ಟರನ್ನು ಗೋಡೆಗೆ ಅಂಟಿಸಿದ್ದ. ನನಗೆ ಕೇಳಿಸುವುದಿಲ್ಲವೆಂದು ಕರೀಹಲಗೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿದ್ದ: ಇದು ನಮ್ಮ ಚೆನ್ನಕೇಶವಸ್ವಾಮಿಯೇ? ನಾನು ಪೋಸ್ಟರಿನ ಹತ್ತಿರ ಹೋಗಿ ನೋಡಿದೆ. ಎಷ್ಟು ಚೆನ್ನಾಗಿ ಮಾಡಿದ್ದೀಯ, ಬೆರಳು ಮಡಿಚಿದ ರೀತಿ ಕೂಡ ಹಾಗೇ ಇದೆ. ತಿರುಗಿ ನಿಂತು ಅಲ್ಲ ಎಂದೆ.

ನನ್ನ ದನಿ ಎಷ್ಟು ಜೋರಾಗಿ ಬಂತೋ ನನಗೆ ಗೊತ್ತಿಲ್ಲ. ಮತ್ತೆ ಕೇಳಿದರು, ಮತ್ತೆ ಹೇಳಿದೆ. ಇವೆಲ್ಲ ರಿಪೇರಿ ಸಾಮಾನು, ನನಗೆ ಕಣ್ಣೂ ಮಂಜಾಗಿದೆ, ಮಗಳು ಮಾಡಿದ್ದು ಎಂಬ ಹೆಮ್ಮೆಗೆ ಬಾಯಿಗೆ ಬಂದದ್ದು ಆಡಿಬಿಟ್ಟೆ ಎಂದೆ. ಒಂದಿಬ್ಬರು ನಕ್ಕರು. ದೇವೀರಪ್ಪ ನಗಲಿಲ್ಲ, ನನ್ನ ಮುಖ ನೋಡಿದ, ಆಮೇಲೆ ಪೋಸ್ಟರು ಕಿತ್ತ. "ಮೇಷ್ಟ್ರು ಹೇಳಿದ್ ಮೇಲೆ ಮುಗೀತು, ಎಲ್ರೂ ಮನೆಗೆ ನಡೀರಿ" ಎಂದನಂತೆ, ವೇದಾಂತ ಬಸ್ಸಿನಲ್ಲಿ ಬರೆದು ತೋರಿಸಿದ.

ಈಗ ನೀನು ಯಾರ ಹತ್ತಿರವೂ ಏನೂ ಆಡಬೇಡ. ಇದು ಇಲ್ಲಿಗೇ ತಣ್ಣಗಾಗಲಿ. ನಾಳೆ ಬೆಳಗ್ಗೆ ಗೋಷ್ಠಿಗೆ ಹೋಗುವುದಿಲ್ಲ ಎಂದು ಚೆಲುವಕ್ಕನಿಗೆ ಹೇಳಿದ್ದೇನೆ. ಮೈ ಸರಿಯಿಲ್ಲ ಎಂದೆ.

ನಿನ್ನ ಅಪ್ಪ
ಭಾಷ್ಯಂ

*

ಅರಸೀಕೆರೆ,
೧೬ ಮಾರ್ಚ್ ೨೦೨೫, ರಾತ್ರಿ

ಅಪ್ಪ,

ಹಳೇಬೀಡಿನಲ್ಲಿ ಏನಾಯಿತೋ ನನಗೆ ಗೊತ್ತಿಲ್ಲ. ಏನೇ ಆಗಿದ್ದರೂ ಇನ್ನು ನೀವು ಕಷ್ಟಪಡಬೇಕಾಗಿಲ್ಲ.

ನಿನ್ನೆ ಮಂಜುನಾಥ ಬಂದಿದ್ದ. "ಅಕಸ್ಮಾತ್ ಆಗಿದ್ದು ಅಂದ್ಬಿಡಾಣ ಕಣೇ. ನಿಮ್ಮಪ್ಪಂಗೆ ಕಿವಿ ಇಲ್ಲ, ವಯಸ್ಸಾಗೈತೆ, ಏನೋ ತಪ್ಪು ತಿಳ್ಕೊಂಡ್ರು ಅಂದ್ರೆ ಎಲ್ರೂ ನಂಬ್ತಾರೆ" ಎಂದ. ಅವನದೂ ತಪ್ಪಿಲ್ಲ, ಮನೆ ಮಾರಿ ಸಿನಿಮಾ ಮಾಡಿದವನು. ಆದರೆ ನನಗೆ ರಾತ್ರಿಯಿಡೀ ಅದೇ ಮಾತು. ಅಷ್ಟು ಜನ ನೋಡಿದರು, ಸರಿಯಾಗಿ ನೋಡಿದವರು ನೀವೊಬ್ಬರೇ. ನಿಮ್ಮನ್ನೇ ತಪ್ಪು ತಿಳಿದವರು ಎನ್ನುವುದು ನನ್ನಿಂದಾಗುವುದಿಲ್ಲ. ನೀವು ನನಗಾಗಿ ಎಲ್ಲಿ ಸುಳ್ಳು ಹೇಳಿಬಿಡುತ್ತೀರೋ ಎಂಬ ಭಯ ಬೇರೆ.

ಅದಕ್ಕೆ ಇವತ್ತು ಬೆಳಗ್ಗೆ ಜಲಪಾಲನ ಮುಂದೆ ನಿಂತು ಫೋನಿನಲ್ಲಿ ವೀಡಿಯೋ ಮಾಡಿ ಎಲ್ಲರಿಗೂ ಕಾಣುವ ಹಾಗೆ ಹಾಕಿದೆ. ಇವು ಚೆನ್ನಕೇಶವನ ಕೈಗಳು, ಅದೇ ಕ್ರಮ, ನೋಡಿದ ಮೇಲೂ ನಾನು ಬದಲಾಯಿಸಲಿಲ್ಲ, ನಮ್ಮ ತಂದೆ ಹೇಳಿದ್ದು ಅಕ್ಷರಶಃ ನಿಜ ಎಂದೆ. ಯಾರಿಗೆ ನೋವಾಗಿದೆಯೋ ಅವರ ಕ್ಷಮೆ ಕೇಳಿದೆ. ಮಂಜುನಾಥನಿಗೆ ಇದರಲ್ಲಿ ಪಾಲಿಲ್ಲ ಎಂದೂ ಹೇಳಿದೆ.

ಸಂಜೆ ಹೆಡ್ ಮೇಡಂ ಫೋನ್ ಮಾಡಿ, ಸ್ವಲ್ಪ ದಿನ ಶಾಲೆಗೆ ಬರಬೇಡಿ ಎಂದರು. ಷಡಕ್ಷರಪ್ಪನವರು, "ಇದು ಕೊಬ್ಬರಿ ಇಡೋ ಜಾಗ ಕಣಮ್ಮ, ಗಲಾಟೆ ಇಡೋ ಜಾಗ ಅಲ್ಲ, ಬೇಗ ಖಾಲಿ ಮಾಡು" ಎಂದರು. ಇರಲಿ. ನಿಮ್ಮನ್ನು ಇನ್ನು ಯಾರೂ ಸುಳ್ಳುಗಾರ ಎನ್ನುವ ಹಾಗಿಲ್ಲ. ಇವತ್ತು ನನಗೆ ನಿದ್ದೆ ಬರುತ್ತದೆ.

ನಿಮ್ಮ
ಮೇಧಿನಿ

*

ಬೇಲೂರು,
೨೭ ಮಾರ್ಚ್ ೨೦೨೫

ಮೇಧಿನಿ,

ನಿನ್ನ ಕಾಗದವೂ ನನ್ನ ಕಾಗದವೂ ಜಾವಗಲ್ಲಿನ ಹತ್ತಿರ ಎಲ್ಲೋ ಎದುರುಬದುರಾಗಿ ಹಾದುಹೋಗಿರಬೇಕು. ನನ್ನದನ್ನು ಓದಿ ನಿನಗೆ ಏನಾಗಿರಬಹುದೆಂದು ನನಗೆ ಗೊತ್ತು. ನಿನಗೆ ನಿದ್ದೆ ಬರುತ್ತದೆ ಎಂದಿದ್ದೆಯಲ್ಲ, ಆ ಸಾಲು ಓದಿ ನನಗೆ ಸಂಕಟವಾಯಿತು.

ದೇವೀರಪ್ಪ ಬಂದು ನಿನ್ನ ವೀಡಿಯೋ ತೋರಿಸಿದ. ನಿನ್ನ ಬಾಯಿ ಅಲ್ಲಾಡುತ್ತಿತ್ತು, ಹಿಂದೆ ನಾಲ್ಕು ಕೈ. ನೀನು ಏನು ಹೇಳುತ್ತಿದ್ದೀಯ ಎಂದು ನನಗೆ ಯಾರೂ ಬರೆದು ತೋರಿಸಬೇಕಾಗಲಿಲ್ಲ. ಅವನು ಗಟ್ಟಿಯಾಗಿ ಕೂಗಲೂ ಇಲ್ಲ, ತುಟಿ ನೋಡಿ ತಿಳಿದುಕೊಂಡೆ. "ನಿಮ್ಮ ಮಾತು ನಂಬಿ ಎಲ್ರನ್ನೂ ಮನೆಗೆ ಕಳಿಸಿದ್ದೆ ಮೇಷ್ಟ್ರೇ." ಅಷ್ಟೇ ಹೇಳಿದ್ದು. ಮಗಳು ಹೇಳಿದ್ದೇ ಸರಿ, ನಾನು ಹೇಳಿದ್ದು ಸುಳ್ಳು ಎಂದೆ.

ಅವನ ಸಂಘದವರಲ್ಲಿ ಒಂದು ಮಾತಾಗಿದೆ. ನೀನು ಆ ನಾಲ್ಕೂ ಕೈಗಳನ್ನು ಎಲ್ಲರೆದುರು ನಿನ್ನ ಕೈಯಾರೆ ತೆಗೆಯಬೇಕು. ಹಾಗಾದರೆ ದೂರು ಇಲ್ಲ. ಏಪ್ರಿಲ್ ಐದು, ಶನಿವಾರ, ಅರಸೀಕೆರೆಗೆ ಬರುತ್ತಾರೆ. ನಿನ್ನನ್ನು ಕೇಳದೆ ನಾನು ಒಪ್ಪಿಕೊಂಡಿದ್ದೇನೆ. ನೀನು ಪೊಲೀಸು ಕೋರ್ಟು ಎಂದು ಅಲೆಯುವುದನ್ನು ನೋಡುವ ಶಕ್ತಿ ನನಗಿಲ್ಲ.

ಗೋಷ್ಠಿಗೆ ಹೋಗುತ್ತಿಲ್ಲ. ಯಾರೂ ಬರಬೇಡ ಎಂದಿಲ್ಲ. ಮನೆಯಿಂದ ಹೊರಡುತ್ತೇನೆ, ದೇವಸ್ಥಾನದ ಬೀದಿಯವರೆಗೆ ಹೋಗಿ ವಾಪಸ್ಸು ಬರುತ್ತೇನೆ.

ಶನಿವಾರ ನಾನೂ ಬರುತ್ತೇನೆ.

ಭಾಷ್ಯಂ

*

ಅರಸೀಕೆರೆ,
೮ ಏಪ್ರಿಲ್ ೨೦೨೫

ಅಪ್ಪನಿಗೆ,

ಶನಿವಾರ ನೀವು ನನ್ನ ಜೊತೆ ಒಂದು ಮಾತೂ ಆಡದೆ ಬಸ್ಸು ಹತ್ತಿಬಿಟ್ಟಿರಿ. ಸಿಟ್ಟೋ ದುಃಖವೋ ನನಗೆ ತಿಳಿಯಲಿಲ್ಲ. ಅವತ್ತು ನಿಮಗೆ ಕೇಳಿಸದೆ ಹೋದದ್ದನ್ನು ಬರೆದು ಕಳಿಸುತ್ತಿದ್ದೇನೆ. ನಿಮಗೆ ಸೇರಬೇಕಾದದ್ದು ಅದು.

ನಾನು ಏಣಿ ಹತ್ತುವಾಗ ಹಿಂದಿನಿಂದ ಒಬ್ಬ, "ಗರಗಸ ಕೊಡ್ರೋ" ಎಂದು ಕೂಗಿದ. ನಟ್ಟು ಬಿಚ್ಚಿದರೆ ಬರುತ್ತದೆ, ಗರಗಸ ಬೇಡ ಎಂದೆ. ಎಲ್ಲರೂ ಫೋನು ಎತ್ತಿ ಹಿಡಿದಿದ್ದರು. ಮೊದಲು ಪದ್ಮದ ಕೈ ಸಡಿಲಾಯಿತು. ಕೆಳಗೆ ಬಿಡಮ್ಮ, ನೆಲಕ್ಕೆ ಹಾಕು ಎಂದರು. ನಾನು ಅದನ್ನು ಎದೆಗೆ ಒತ್ತಿ ಹಿಡಿದುಕೊಂಡೆ. ಆಗ ನೀವು ಜನರ ನಡುವಿನಿಂದ ಬಂದಿರಿ. ಹೆಗಲ ಮೇಲಿನ ಉತ್ತರೀಯ ತೆಗೆದು ಎರಡೂ ಕೈಯಲ್ಲಿ ಹರಡಿಕೊಂಡು ಏಣಿಯ ಕೆಳಗೆ ನಿಂತಿರಿ. ನೀವು ಹಾಗೆ ನಿಲ್ಲುತ್ತೀರೆಂದು ನಾನು ಎಣಿಸಿರಲಿಲ್ಲ.

"ಏನಿದು ಮೇಷ್ಟ್ರು ಹಿಡ್ಕೊತಾವ್ರೆ" ಎಂದು ಒಬ್ಬ. "ಅವತ್ತು ಅಲ್ಲ ಅಂದೋರು ಇವತ್ತು ಸೆರಗೊಡ್ಡಿದ್ರು ನೋಡು" ಎಂದು ಇನ್ನೊಬ್ಬ. ಯಾರೋ ನಕ್ಕರು. ನೀವು ಮೇಲೆ ನನ್ನನ್ನೇ ನೋಡುತ್ತಿದ್ದಿರಿ. ಪದ್ಮದ ಕೈಯನ್ನು ನೆಲಕ್ಕೆ ಸೋಕದ ಹಾಗೆ ತೆಗೆದುಕೊಂಡಿರಿ, ಶಂಖದ ಕೈಗೆ ಮತ್ತೆ ಬಟ್ಟೆ ಒಡ್ಡಿದಿರಿ. ಅಷ್ಟು ಹೊತ್ತಿಗೆ ಹಿಂದೆ ನಗು ನಿಂತಿತ್ತು. ಚಕ್ರದ ಕೈ ಬರುವಾಗ ದೇವೀರಪ್ಪನವರ ದನಿ ಕೇಳಿಸಿತು: "ಫೋನ್ ಇಳಿಸ್ರೋ. ಚಪ್ಪಲಿ ಬಿಡ್ರಿ." ಕೆಲವರು ಬಿಟ್ಟರು, ಕೆಲವರು ಹೊರಗೆ ಹೋದರು. ಗದೆಯ ಕೈಯನ್ನು ದೇವೀರಪ್ಪನವರೂ ನಿಮ್ಮ ಜೊತೆ ಹಿಡಿದದ್ದನ್ನು ನೀವೇ ನೋಡಿದ್ದೀರಿ. ಹಿಡಿದಾಗ ಅವರು ಏನೆಂದರು ಗೊತ್ತೇ? "ನಾವೇನ್ ಮಾಡಿಬಿಟ್ವಿ ಮೇಷ್ಟ್ರೇ" ಎಂದರು. ನಿಮಗೆ ಕೇಳಿಸಲಿಲ್ಲ, ನೀವು ಗಂಟು ಕಟ್ಟುತ್ತಿದ್ದಿರಿ.

ಕೈಯಿಲ್ಲದ ಜಲಪಾಲನನ್ನು ಷಡಕ್ಷರಪ್ಪನವರು ಗುಜರಿಗೆ ಹಾಕಿಸಿದರು. ಶಾಲೆಯವರು ಮತ್ತೆ ಕರೆದಿಲ್ಲ. ನೀವು ಆ ಗಂಟನ್ನು ಏನು ಮಾಡಿದಿರಿ ಅಪ್ಪ? ಮತ್ತೆ ಹಾಡಲು ಹೋದಿರಾ?

ಮೇಧಿನಿ

*

ಬೇಲೂರು,
೧೫ ಏಪ್ರಿಲ್ ೨೦೨೫

ಚಿರಂಜೀವಿ ಮೇಧಿನಿಗೆ ಆಶೀರ್ವಾದ.

ನಿನ್ನ ಕಾಗದ ಓದಿದೆ. ನಕ್ಕವನು ಯಾರೆಂದು ಬರೆಯದೆ ಇದ್ದದ್ದು ಒಳ್ಳೆಯದಾಯಿತು, ನಾಳೆ ಎದುರಿಗೆ ಸಿಕ್ಕರೆ ಮಾತಾಡಿಸಬೇಕಲ್ಲ. ಅವತ್ತು ನಿನ್ನನ್ನು ಮಾತಾಡಿಸದೆ ಬಂದದ್ದು ಸಿಟ್ಟಿನಿಂದಲ್ಲ. ಬಾಯಿ ತೆರೆದರೆ ಅಷ್ಟು ಜನರೆದುರು ಅತ್ತುಬಿಡುತ್ತಿದ್ದೆ.

ಭಿನ್ನವಾದ ಮೂರ್ತಿಯನ್ನು ನೀರಿಗೆ ಬಿಡುವುದು ಕ್ರಮ. ಭಾನುವಾರ ಗಂಟು ತೆಗೆದುಕೊಂಡು ಯಗಚಿಗೆ ಹೋದೆ. ಸೊಂಟದ ಮಟ್ಟ ನೀರಿಗಿಳಿದು, ಹೇಳಬೇಕಾದದ್ದು ಹೇಳಿ, ಒಂದೊಂದಾಗಿ ಬಿಟ್ಟೆ. ಒಂದೂ ಮುಳುಗಲಿಲ್ಲ. ಒಳಗೆ ಥರ್ಮಾಕೋಲ್ ತುಂಬಿದ್ದೀಯ ಎಂದು ನನಗೇನು ಗೊತ್ತು? ಅದುಮಿದರೆ ಒಳಗೆ ಹೋಗುತ್ತವೆ, ಕೈ ತೆಗೆದರೆ ಮೇಲೆ ಬಂದು ಬೆರಳು ಮೇಲೆ ಮಾಡಿ ತೇಲುತ್ತವೆ. ದಡದಲ್ಲಿ ಬಟ್ಟೆ ಒಗೆಯುತ್ತಿದ್ದ ಮಾರಮ್ಮ ನೋಡಿ ನೋಡಿ ಹತ್ತಿರ ಬಂದು ಕೂಗಿದಳು, "ಸ್ವಾಮ್ಯೋರೇ, ಹಂಗೆಲ್ಲ ಮುಳುಗಾಕಿಲ್ಲ, ಒಂದೊಂದು ಕಲ್ಲು ಕಟ್ಟಿ." ಅವಳೇ ಕಲ್ಲು ಆರಿಸಿ ಕೊಟ್ಟಳು, ಹಗ್ಗವೂ ಕೊಟ್ಟಳು. ಕಲ್ಲು ಕೈಯಲ್ಲಿ ಹಿಡಿದು ಬಹಳ ಹೊತ್ತು ನಿಂತಿದ್ದೆ. ಕಟ್ಟಲು ನನ್ನಿಂದಾಗಲಿಲ್ಲ. ಅವು ಅವನ ಕೈಗಳೋ ನಿನ್ನ ಕೈಗಳೋ ಎಂದು ಆ ಹೊತ್ತಿನಲ್ಲಿ ನನಗೆ ಹೇಳಲು ಬರುತ್ತಿರಲಿಲ್ಲ.

ನಾಲ್ಕನ್ನೂ ಹಿಡಿದು ತಂದೆ. ಹಿತ್ತಿಲ ಗೋಡೆಗೆ ಒರಗಿಸಿದ್ದೇನೆ. ಚೆಲುವಕ್ಕ, "ಇದನ್ನ ಇಟ್ಕೊಳ್ಳೋದು ಸರಿಯೋ ತಪ್ಪೋ ಹೇಳೋ ಭಾಷ್ಯಂ" ಎಂದು ಕೇಳುತ್ತಾಳೆ. ಊರಿಗೆಲ್ಲ ಶಾಸ್ತ್ರ ಹೇಳಿದವನಿಗೆ ಇದಕ್ಕೆ ಉತ್ತರ ಗೊತ್ತಿಲ್ಲ. ಗೋಷ್ಠಿಗೆ ಇನ್ನೂ ಹೋಗಿಲ್ಲ. ಮನೆಯಲ್ಲೇ ಒಬ್ಬನೇ ಹಾಡಿಕೊಳ್ಳುತ್ತೇನೆ, ತುಟಿ ನೋಡಲು ಎದುರಿಗೆ ಯಾರೂ ಇಲ್ಲ, ನಡುನಡುವೆ ಸಾಲು ತಪ್ಪುತ್ತದೆ.

ನೀನು ಬಾ. ಅವನ್ನು ನೀರಿಗೆ ಹಾಕುವುದೋ ಇಟ್ಟುಕೊಳ್ಳುವುದೋ ಮಾಡಿದವಳು ಇದ್ದು ಹೇಳಬೇಕು. ಬರುವ ಭಾನುವಾರ ಬಾ, ವೇದಾಂತ ಮನೆಯಲ್ಲಿರುತ್ತಾನೆ, ಅವನ ಕಣ್ಣೆದುರೇ ನೀನು ಈ ಮನೆಗೆ ಬರಬೇಕು. ಅವನು ಬಾಗಿಲು ತೆಗೆಯುವುದಿಲ್ಲ, ನೀನು ತಟ್ಟಿದರೆ ನನಗೆ ಕೇಳಿಸುವುದಿಲ್ಲ. ಅದಕ್ಕೇ ಬೆಳಗಿನಿಂದ ಹೊಸ್ತಿಲ ಹೊರಗೆ ಕೂತಿರುತ್ತೇನೆ.

ನಿನ್ನ ಅಪ್ಪ
ಭಾಷ್ಯಂ